ಪುಟ್ಟಣ್ಣನ ಪಿಚ್ಚರಿಗೆ ಹೊರಟ ವಠಾರ

ತ್ರಿವೇಣಿಯವರ ಕಾದಂಬರಿ ನಮ್ಮ ವಠಾರದ ಒಂದು ಮನೆಗೆ ಬಂತೆಂದರೆ ಎಲ್ಲ ಮನೆಗೂ ಬಂತೆಂದೇ ಲೆಕ್ಕ. ಮೈಸೂರಿನ ಚಾಮರಾಜಪುರಂನ ಆ ವಠಾರದಲ್ಲಿ, ಒಂದೇ ಬಾವಿ, ಒಂದೇ ನಲ್ಲಿ, ಒಂದೇ ಒಗೆಯುವ ಕಲ್ಲಿನ ಸುತ್ತ ಸಾಲಾಗಿದ್ದ ಮನೆಗಳಲ್ಲಿ, ಲೈಬ್ರರಿಯಿಂದ ದಿನಬಾಡಿಗೆಗೆ ತಂದ ಪುಸ್ತಕ ಬೆಳಿಗ್ಗೆ ಮಹಡಿ ಮನೆಯ ಮೇಷ್ಟ್ರ ಹೆಂಡತಿ ಕೈಯಲ್ಲಿದ್ದರೆ, ಗಂಡಸರೆಲ್ಲ ಆಫೀಸಿಗೆ ಹೋಗಿ, ಮುಸುರೆ ತಿಕ್ಕಿ, ಒಲೆ ಸಾರಿಸಿ ಆದಮೇಲೆ ಮೂಲೆಮನೆ ಅತ್ತೆಗೆ ದಾಟಿ, ಸಾಯಂಕಾಲ ನಲ್ಲಿ ಬರುವ ಹೊತ್ತಿಗೆ ನಮ್ಮಮ್ಮನ ಕೈಗೆ ಬಂದು, ರಾತ್ರಿ ನಾವೆಲ್ಲ ಮಲಗಿದ ಮೇಲೆ ನಡುಮನೆಯ ಮಂಕು ಬಲ್ಬಿನ ಕೆಳಗೆ ಮುಗಿಯುತ್ತಿತ್ತು. ಹಾಳೆಗಳ ಅಂಚಿನಲ್ಲಿ ಅರಿಶಿನದ ಬೆರಳಚ್ಚು, ಒಗ್ಗರಣೆಯ ಎಣ್ಣೆಯ ಕಲೆ, ಎಲ್ಲೋ ಒಂದು ಕಡೆ ಒಣಗಿದ ಮಲ್ಲಿಗೆ ಎಸಳು. ಪುಸ್ತಕ ಮೂಸಿದರೆ ಯಾರ ಮನೆಯಲ್ಲಿ ಅವತ್ತು ಹುಳಿಪುಡಿ ಹುರಿದರು ಅಂತ ನಾವು ಮಕ್ಕಳು ಹೇಳಿಬಿಡುತ್ತಿದ್ದೆವು.

ತ್ರಿವೇಣಿ ನಮ್ಮೂರಿನವರು. ಬಿ.ಎಂ.ಶ್ರೀ. ಅವರ ತಮ್ಮನ ಮಗಳು, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವರು, ಹೆಸರು ಅನಸೂಯಾ ಶಂಕರ್ ಅಂತ ವಠಾರದ ಹೆಂಗಸರಿಗೆಲ್ಲ ಗೊತ್ತಿತ್ತು. 1963ರಲ್ಲಿ, ಇನ್ನೂ 35 ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಕ್ಕೆ ಅವರು ತೀರಿಕೊಂಡರು. ನಾವು ಕಣ್ಣುಬಿಡುವ ಹೊತ್ತಿಗೆ ಅವರು ಇರಲಿಲ್ಲ. ಆದರೂ ಒಗೆಯುವ ಕಲ್ಲಿನ ಹತ್ತಿರ ಅವರ ಮಾತು ಬಂದಾಗಲೆಲ್ಲ ಅಮ್ಮಂದಿರ ದನಿ ಇಳಿಯುತ್ತಿತ್ತು, ನಮ್ಮ ಮನೆಯ ಹೆಣ್ಣುಮಗಳೇ ಬಾಣಂತನದಲ್ಲಿ ಹೋದಳೇನೋ ಅನ್ನುವಷ್ಟು.

ಆಕೆಯ ‘ಬೆಳ್ಳಿಮೋಡ’ ಪಿಚ್ಚರ್ ಆಗಿದೆಯಂತೆ, ಮಾಡಿದವನು ಕಣಗಾಲಿನ ಹುಡುಗನಂತೆ ಅನ್ನುವ ಸುದ್ದಿ 1967ರಲ್ಲಿ ವಠಾರಕ್ಕೆ ಬಂದಾಗ ಎಲ್ಲರಿಗಿಂತ ಹಿಗ್ಗಿದವಳು ನಮ್ಮಜ್ಜಿ. ಅಜ್ಜಿಯ ತವರು ಪಿರಿಯಾಪಟ್ಟಣದ ಕಡೆ. ಕಣಗಾಲ್ ಅದೇ ತಾಲ್ಲೂಕು. “ನಮ್ಮ ಸೀಮೆ ಹುಡುಗ ಕಣ್ರೇ” ಅಂತ ಅಜ್ಜಿ ಶುರು ಮಾಡಿದರೆ, ಹೊಗೆಸೊಪ್ಪಿನ ಬ್ಯಾರನ್ನಿನ ಘಾಟು, ಕೆರೆ ಏರಿ, ರಾಗಿ ಕಣ, ಎಲ್ಲ ಒಂದೊಂದಾಗಿ ಬಂದು ಕೊನೆಗೆ ಪುಟ್ಟಣ್ಣನಲ್ಲಿ ನಿಲ್ಲುತ್ತಿತ್ತು. 1933ರ ಡಿಸೆಂಬರ್ 1ರಂದು ಹುಟ್ಟಿದ, ಸೀತಾರಾಮ ಶರ್ಮ ಅನ್ನುವ ಹೆಸರಿನ, ಬಡತನದ ಮನೆಯ ಹುಡುಗ. ಹೊಟ್ಟೆಪಾಡಿಗೆ ಮೇಷ್ಟ್ರ ಕೆಲಸ, ಸೇಲ್ಸ್‌ಮನ್ ಕೆಲಸ, ಕ್ಲೀನರ್ ಕೆಲಸ, ಸಿನಿಮಾ ಪ್ರಚಾರದ ಕೆಲಸ ಅಂತ ಎಲ್ಲೆಲ್ಲೋ ತಿರುಗಿ, ಕಡೆಗೆ ಮದರಾಸಿನಲ್ಲಿ ಬಿ.ಆರ್. ಪಂತುಲು ಅವರ ಕೈಕೆಳಗೆ ಸೇರಿ ಪಳಗಿದವರು. ಸ್ವತಂತ್ರವಾಗಿ ಮೊದಲು ಮಾಡಿದ್ದು ಕನ್ನಡದಲ್ಲಲ್ಲ, ಮಲಯಾಳಂನಲ್ಲಿ: 1964ರ ‘ಸ್ಕೂಲ್ ಮಾಸ್ಟರ್’. ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಕೂಡ ಅವರ ಕೈಯಲ್ಲಿ ‘ಪೂಚಕಣ್ಣಿ’ ಅಂತ ಮೊದಲು ಮಲಯಾಳಂಗೆ ಹೋಯಿತು. ಆಮೇಲೆ ಅವರು ನಮ್ಮ ಕಡೆ ತಿರುಗಿದರು. ಅವರಣ್ಣ ಕಣಗಾಲ್ ಪ್ರಭಾಕರ ಶಾಸ್ತ್ರಿಗಳು ಹಾಡು, ಮಾತು ಬರೆಯುವುದರಲ್ಲಿ ಅಷ್ಟು ಹೊತ್ತಿಗೇ ಹೆಸರಾಗಿದ್ದರು. ಇದನ್ನೆಲ್ಲ ನಾವು ಓದಿ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆಗ ನಮಗೆ ಗೊತ್ತಿದ್ದದ್ದು ಅಜ್ಜಿಯ ಸೀಮೆಯವರು ಅನ್ನುವುದೊಂದೇ.

ಪಿಚ್ಚರಿಗೆ ಹೋಗುವ ದಿನ ವಠಾರಕ್ಕೆ ಹಬ್ಬದ ದಿನಕ್ಕಿಂತ ಬೇಗ ಬೆಳಗಾಗುತ್ತಿತ್ತು. ಮ್ಯಾಟ್ನಿಗೆ ಹೋಗುವುದಾದರೆ ಹನ್ನೊಂದಕ್ಕೆಲ್ಲ ಮಧ್ಯಾಹ್ನದ ಅಡುಗೆ, ರಾತ್ರಿಗೆ ಸಾರು, ಮರುದಿನಕ್ಕೆ ಹೆಪ್ಪು, ಎಲ್ಲ ಮುಗಿದಿರಬೇಕು. ಹಂಡೆ ಒಲೆಗೆ ಸೌದೆ ತುಂಬುವ ಕೆಲಸ ಗಂಡುಹುಡುಗರದ್ದು, ಬಾವಿಯಿಂದ ಸೇದಿ ತೊಟ್ಟಿ ತುಂಬಿಸುವ ಕೆಲಸ ಹೆಣ್ಣುಹುಡುಗರದ್ದು, ಮತ್ತೆ ಯಾರ ಕೆಲಸ ಜಾಸ್ತಿ ಅಂತ ಬಚ್ಚಲ ಬಾಗಿಲಲ್ಲೇ ಜಗಳ. ಸೀಗೆಪುಡಿಯ ಘಾಟಿಗೆ ಸೀನುತ್ತ, ಒದ್ದೆ ಜಡೆಗೆ ಸಾಂಬ್ರಾಣಿ ಹೊಗೆ ಹಿಡಿಸಿಕೊಳ್ಳುತ್ತ ಕೂತಿದ್ದರೆ ಒಳಗಿಂದ ಗೊಜ್ಜವಲಕ್ಕಿಯ ಒಗ್ಗರಣೆ ಚಟಪಟ ಅನ್ನುತ್ತಿತ್ತು. ಇಂಟ್ರವಲ್ಲಿನಲ್ಲಿ ಹೊರಗೆ ಕಾಸು ಬಿಚ್ಚುವ ಪದ್ಧತಿ ನಮ್ಮಲ್ಲಿರಲಿಲ್ಲ. ಒಂದು ಡಬ್ಬಿ ಗೊಜ್ಜವಲಕ್ಕಿ, ಒಂದು ಡಬ್ಬಿ ಕೋಡುಬಳೆ, ಕೂಜದಲ್ಲಿ ನೀರು, ಚಿಕ್ಕ ಮಕ್ಕಳಿಗೆ ಬಾಟ್ಲಿ ಹಾಲು, ಯಾತಕ್ಕೂ ಇರಲಿ ಅಂತ ಒಂದು ಹಳೇ ಪಂಚೆ. ದೇವರಾಜ ಮಾರ್ಕೆಟ್ಟಿನಿಂದ ಹಿಂದಿನ ಸಂಜೆಯೇ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮಲ್ಲಿಗೆ ದಂಡೆಯನ್ನು ಮೊಳ ಹಾಕಿ ತುಂಡು ಮಾಡಿ ಎಲ್ಲರ ಜಡೆಗೂ ಏರಿಸಿ, ಅಪ್ಪಂದಿರಿಗೆ ಕಾಫಿ ಡಿಕಾಕ್ಷನ್ ಎಲ್ಲಿದೆ, ಹಾಲು ಎಲ್ಲಿದೆ ಅಂತ ಚೀಟಿ ಬರೆದಿಟ್ಟು, ಬೀಗದ ಕೈಯನ್ನು ಮಡಿ ಬಿಟ್ಟು ಎಲ್ಲಿಗೂ ಬರದ ಅಜ್ಜಿಯ ಸುಪರ್ದಿಗೆ ಕೊಟ್ಟು, ನಮ್ಮ ದಂಡು ರಸ್ತೆಗೆ ಇಳಿಯುತ್ತಿತ್ತು. ಮುಂದೆ ಅಮ್ಮಂದಿರು, ನಡುವೆ ಕಂಕುಳ ಕೂಸುಗಳು, ಹಿಂದೆ ಡಬ್ಬಿ ಹಿಡಿದ ನಾವು. ಜಟಕಾ ಗಾಡಿ ಎದುರಾದರೆ ಬಾಣಂತಿಗೂ ಬಸುರಿಗೂ ಅದರಲ್ಲಿ ಜಾಗ, ಉಳಿದವರಿಗೆ ನಡಿಗೆ.

ಟಾಕೀಸಿನಲ್ಲಿ ಹೆಂಗಸರ ಕ್ಯೂ ಬೇರೆ. ಕಬ್ಬಿಣದ ಕಂಬಿಗಳ ನಡುವಿನ ಆ ಕಿರಿದಾದ ಓಣಿಯಲ್ಲಿ ಬೆವರು, ಹೂವು, ಪೌಡರು, ಹಾಲುಗಂದು ಒಟ್ಟಿಗೇ ಮೂಗಿಗೆ ಅಡರುತ್ತಿದ್ದವು. ಮೂಲೆಮನೆ ಅತ್ತೆ ಎದುರಿಗೆ ನಿಂತರೆ ಟಿಕೇಟಿನ ಕಿಂಡಿಗೆ ಬೇರೆ ಯಾರ ಕೈಯೂ ಹೋಗುತ್ತಿರಲಿಲ್ಲ. ಒಳಗೆ ಹೋದಮೇಲೆ ಫ್ಯಾನಿನ ಕೆಳಗಿನ ಬೆಂಚಿಗೆ ಓಡಿ ಸೆರಗು ಹಾಸಿ ಜಾಗ ಹಿಡಿಯುವುದು ನಮ್ಮ ಕೆಲಸ. ನ್ಯೂಸ್ ರೀಲು, ಜಾಹೀರಾತಿನ ಸ್ಲೈಡುಗಳು, ಹಿಂದಿನಿಂದ ಬರುವ ಬೀಡಿ ಹೊಗೆ ಬೆಳಕಿನ ಕೋಲಿನಲ್ಲಿ ಸುರುಳಿ ಸುರುಳಿಯಾಗಿ ಏರುವುದು, “ಹಾಡಿನ ಪುಸ್ತಕಾ” ಅಂತ ಹುಡುಗ ಕೂಗುವುದು, ಆಮೇಲೆ ಹೆಸರುಗಳು ಬಂದು ವಿಜಯಭಾಸ್ಕರ್ ಸಂಗೀತ ಶುರುವಾದರೆ, ಅಷ್ಟು ಹೊತ್ತು ಗಿಜಿಗಿಜಿ ಅನ್ನುತ್ತಿದ್ದ ಹೆಂಗಸರ ಸಾಲು ಗಪ್‌ಚಿಪ್. ‘ಬೆಳ್ಳಿಮೋಡ’ದಲ್ಲಿ ಬೇಂದ್ರೆಯವರ ‘ಬೆಳಗು’ ಕವಿತೆ ಹಾಡಾಗಿ ಬಂದಾಗ ಮೇಷ್ಟ್ರ ಹೆಂಡತಿ ಬಾಯೊಳಗೇ ತಾವೂ ಹೇಳಿಕೊಂಡರಂತೆ. ಆಗ ನಾವು ಮಡಿಲಲ್ಲಿ ನಿದ್ದೆ ಮಾಡುವ ವಯಸ್ಸಿನವರು. ನಮ್ಮೊಳಗೆ ಹಿರಿಯಳಾದ ದೊಡ್ಡಕ್ಕ ಮಾತ್ರ ಕಣ್ಣುಬಿಟ್ಟು ನೋಡಿದವಳು.

ಆ ಪಿಚ್ಚರಿನ ಜಗಳ ಮಾತ್ರ ನಮಗೆಲ್ಲ ನೆನಪಿದೆ, ಯಾಕೆಂದರೆ ಅದು ವರ್ಷಗಟ್ಟಲೆ ನಡೆಯಿತು. ಒಬ್ಬಳೇ ಮಗಳು ಅಂತ ಇಂದಿರಾಳನ್ನು ಒಪ್ಪಿದ ಮೋಹನ, ಅವಳಮ್ಮನಿಗೆ ತಡವಾಗಿ ಗಂಡು ಮಗು ಹುಟ್ಟಿ ಆಸ್ತಿ ಕೈತಪ್ಪಿತು ಅನ್ನುತ್ತಲೂ ಹಿಂದೆ ಸರಿಯುತ್ತಾನೆ. ಆಮೇಲೆ ಪೆಟ್ಟಾಗಿ ಮಲಗಿದಾಗ ಅವಳ ಕೈಯಲ್ಲೇ ಆರೈಕೆ ಮಾಡಿಸಿಕೊಂಡು, ಬುದ್ಧಿ ಬಂದು, ಮದುವೆಯಾಗು ಅನ್ನುತ್ತಾನೆ. ಇಂದಿರಾ ಒಲ್ಲೆ ಅನ್ನುತ್ತಾಳೆ. ಕಲ್ಯಾಣ್ ಕುಮಾರ್ ಎದುರಿಗೆ ಕಲ್ಪನಾ ಹಾಗೆ ಒಲ್ಲೆ ಅಂದ ಸಂಜೆ ನಮ್ಮ ವಠಾರ ಎರಡಾಯಿತು. ಮೂಲೆಮನೆ ಅತ್ತೆಯದು ಒಂದೇ ಹಟ: ಗಂಡಸು ತಪ್ಪು ಒಪ್ಪಿಕೊಂಡು ಬಂದ ಮೇಲೆ ಹೆಣ್ಣು ಕ್ಷಮಿಸಬೇಕಪ್ಪ, ಇಲ್ಲದಿದ್ದರೆ ಬಾಳುವೆ ಹ್ಯಾಗೆ? ಅಮ್ಮ ಯಾವತ್ತೂ ಎದುರು ಮಾತಾಡಿದವಳಲ್ಲ. ಅವತ್ತು ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟು, “ಆಸ್ತಿ ನೋಡಿ ಬಂದವನು, ನಾಳೆ ಇನ್ನೇನು ನೋಡಿ ಹೋಗ್ತಾನೋ” ಅಂದಳು. ಅಮ್ಮನ ಬಾಯಲ್ಲಿ ಅಷ್ಟು ಉದ್ದದ ಮಾತು ಕೇಳಿ ಅಜ್ಜಿಯೂ ತಿರುಗಿ ನೋಡಿದಳು.

ಪಿಚ್ಚರ್ ನೋಡಿ ಬಂದ ರಾತ್ರಿ ಅಜ್ಜಿಗೆ ಕತೆ ಒಪ್ಪಿಸಬೇಕಿತ್ತು. ಜಗಲಿಯ ಮೇಲೆ ಚಾಪೆ ಹಾಸಿ, ಕೈತುತ್ತಿನ ಮೊಸರನ್ನಕ್ಕೆ ಬಾಳಕದ ಮೆಣಸಿನಕಾಯಿ ನಂಚಿಕೊಳ್ಳುತ್ತ ಕೂತರೆ, ಒಬ್ಬರು ಮಾತು ಹೇಳುವರು, ಒಬ್ಬರು ಹಾಡು ಹೇಳುವರು, ಇನ್ನೊಬ್ಬರು ಕಲ್ಪನಾ ಉಟ್ಟ ಸೀರೆಯ ಅಂಚು, ತೊಟ್ಟ ರವಿಕೆಯ ತೋಳು, ಕಿವಿಯ ಲೋಲಾಕು ವರ್ಣಿಸುವರು. ನಾವು ಮಕ್ಕಳು ನಡುನಡುವೆ ಎದ್ದು ಅಭಿನಯಿಸಿಯೂ ತೋರಿಸುತ್ತಿದ್ದೆವು. ‘ಗೆಜ್ಜೆಪೂಜೆ’ಯ ಕತೆ ಹೇಳಿದ ರಾತ್ರಿ ಅಜ್ಜಿ ತುತ್ತು ಕಲಸುವುದನ್ನು ನಿಲ್ಲಿಸಿದ್ದಳು. ಎಂ.ಕೆ. ಇಂದಿರಾ ಅವರ ಕಾದಂಬರಿ ಅದು. ಸಂಸಾರ ಬೇಕು, ಓದು ಬೇಕು ಅಂತ ಹಂಬಲಿಸುವ ವೇಶ್ಯೆಯ ಮನೆಯ ಹುಡುಗಿಯ ಕತೆ. 1969ರ ಆ ಚಿತ್ರಕ್ಕೆ ಪುಟ್ಟಣ್ಣನವರಿಗೆ ಚಿತ್ರಕತೆಯ ರಾಷ್ಟ್ರಪ್ರಶಸ್ತಿ ಬಂತು. ನಮ್ಮ ಜಗಲಿಯಲ್ಲಿ ಆದದ್ದು ಬೇರೆ. ಅಲ್ಲಿಯವರೆಗೆ ಮಕ್ಕಳೆದುರು ಬಾಯಿಬಿಟ್ಟು ಆಡದ ಎಷ್ಟೋ ವಿಷಯ, ಯಾವ ಬೀದಿಯ ಯಾವ ಮನೆಯ ಹೆಣ್ಣುಮಕ್ಕಳಿಗೆ ಏನಾಯಿತು ಅನ್ನುವುದು, ಅವತ್ತಿನಿಂದ ಸಣ್ಣ ದನಿಯಲ್ಲಾದರೂ ಆಡಬಹುದಾದ ಮಾತಾಯಿತು.

ಇನ್ನು ‘ಶರಪಂಜರ’. 1971. ಅದರ ಬಗ್ಗೆ ಬರೆಯಲೆಂದೇ ಇಷ್ಟೆಲ್ಲ ಬರೆಯುತ್ತಿದ್ದೇನೋ ಏನೋ.

ನಮ್ಮ ವಠಾರದ ಹಿಂದಿನ ಮನೆಯಲ್ಲಿ ಒಬ್ಬ ಚಿಕ್ಕಮ್ಮ ಇದ್ದರು. ಎರಡನೇ ಹೆರಿಗೆಯಾದ ಮೇಲೆ ಅವರಿಗೆ ತಲೆ ಕೆಟ್ಟಿತು ಅಂತ ಬೆಂಗಳೂರಿನ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಇಟ್ಟು, ವಾಸಿಯಾಗಿ ಕರೆದುಕೊಂಡು ಬಂದಿದ್ದರು. ವಾಸಿಯಾಗಿತ್ತು, ಆದರೆ ವಠಾರ ನಂಬಿರಲಿಲ್ಲ. ಅವರು ನೀರಿಗೆ ಬಂದರೆ ಉಳಿದವರು ಕೊಡ ಹಿಂದಕ್ಕೆ ಸರಿಸುತ್ತಿದ್ದರು. ಅರಿಶಿನ ಕುಂಕುಮಕ್ಕೆ ಕರೆಯುವಾಗ ಆ ಬಾಗಿಲು ಬಿಟ್ಟು ಮುಂದಿನ ಬಾಗಿಲಿಗೆ ಹೋಗುತ್ತಿದ್ದರು. ನಮಗೆ, “ಆ ಚಿಕ್ಕಮ್ಮ ತಿಂಡಿ ಕೊಟ್ಟರೆ ಈಸ್ಕೋಬೇಡಿ” ಅಂತ ತಾಕೀತು. ಆಕೆ ಹುರಿಗಾಳು ಬೆಲ್ಲ ಹಿಡಿದು ಕೈಚಾಚಿದರೆ ನಾವು ಓಡಿಹೋಗುತ್ತಿದ್ದೆವು. ಆಕೆ ಆ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದ ರೀತಿ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

‘ಶರಪಂಜರ’ ತ್ರಿವೇಣಿಯವರ ಕಾದಂಬರಿ, ಎಲ್ಲರೂ ಓದಿದ್ದೇ. ಬಾಣಂತನದಲ್ಲಿ ಮನಸ್ಸು ಕದಡಿ, ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬಂದ ಕಾವೇರಿ. ಅವಳು ನಕ್ಕರೂ ಅನುಮಾನ, ಅತ್ತರೂ ಅನುಮಾನ. ಗಂಡನ ಮನಸ್ಸು ಬೇರೆ ಕಡೆ. ಕಡೆಗೆ ಅವಳು ಮತ್ತೆ ಅಲ್ಲಿಗೇ ಮರಳುತ್ತಾಳೆ. ಓದಿದಾಗ ಅತ್ತು ಪುಸ್ತಕ ವಾಪಸು ಕೊಟ್ಟಿದ್ದ ಹೆಂಗಸರೇ ಬೆಳ್ಳಿಪರದೆಯ ಮೇಲೆ, ಬಣ್ಣದಲ್ಲಿ, ಕಲ್ಪನಾ ಕಣ್ಣುಗಳನ್ನು ಅಷ್ಟು ಹತ್ತಿರದಿಂದ ನೋಡಿದಾಗ ಬೇರೆಯೇ ಆಗಿ ಬಂದರು. ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ. ಕೋಡುಬಳೆ ಡಬ್ಬಿ ತೆರೆಯದೆ ಹಾಗೇ ವಾಪಸು ಬಂದಿತ್ತು. ರಾತ್ರಿ ಜಗಲಿಯಲ್ಲಿ ಕತೆಯೆಲ್ಲ ಕೇಳಿದ ಅಜ್ಜಿ ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಸವರುತ್ತ ಕೂತಿದ್ದು, “ಆ ಹುಡುಗಿಗೆ ಹುಚ್ಚು ಹಿಡೀಲಿಲ್ಲ ಕಣ್ರೇ, ಹಿಡಿಸಿದ್ರು” ಅಂದಳು. ಯಾರ ಹೆಸರೂ ಹೇಳಲಿಲ್ಲ. ಮುಂದಿನ ಶುಕ್ರವಾರ ಅಮ್ಮ ನನ್ನ ಕೈಗೆ ಕುಂಕುಮದ ಭರಣಿ ಕೊಟ್ಟು, ಹಿಂದಿನ ಮನೆಯ ಬಾಗಿಲು ತಟ್ಟು ಅಂದಳು. ಚಿಕ್ಕಮ್ಮ ಹೊಸ ಸೀರೆ ಉಟ್ಟು ಬಂದು, ಎಲ್ಲರಿಗಿಂತ ಹಿಂದೆ, ಕಂಬಕ್ಕೆ ಒರಗಿ ಕೂತರು. ಮೂಲೆಮನೆ ಅತ್ತೆ ತಾವೇ ಎದ್ದುಹೋಗಿ ಅವರ ಮಡಿಲಿಗೆ ಎಲೆ ಅಡಿಕೆ ಹಾಕಿ, “ಒಂದು ಹಾಡು ಹೇಳೇ, ನಿಂಗೆ ಚೆನ್ನಾಗಿ ಬರ್ತಿತ್ತಲ್ಲ” ಅಂದರು. ಅದೇ ವರ್ಷದ ದಸರಾ ಗೊಂಬೆ ಕೂರಿಸಲು ಅಟ್ಟದಿಂದ ಪೆಟ್ಟಿಗೆ ಇಳಿಸುವಾಗ ಅವರೂ ಬಂದಿದ್ದರು. ಅವರ ಹುರಿಗಾಳು ಬೆಲ್ಲವನ್ನು ನಾವು ಆಮೇಲೆ ಜೇಬು ತುಂಬ ತಿಂದೆವು. ಒಬ್ಬ ನಿರ್ದೇಶಕ ಏನು ಮಾಡಬಲ್ಲ ಅಂತ ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಓದಿದ್ದೇನೆ. ನನಗೆ ಮೊದಲು ನೆನಪಿಗೆ ಬರುವುದು ಆ ಶುಕ್ರವಾರ.

ಮರುವರ್ಷದ ಕೊನೆಗೆ ಬಂದ ‘ನಾಗರಹಾವು’ ಗಂಡುಹುಡುಗರ ಪಾಲಿನದು. ತ.ರಾ.ಸು. ಕಾದಂಬರಿಗಳು, ಚಿತ್ರದುರ್ಗದ ಕೋಟೆ, ಬಂಡೆ ಮೇಲೆ ಬಂಡೆ. ರಾಮಾಚಾರಿ ಆದ ವಿಷ್ಣುವರ್ಧನ್ ನಮ್ಮ ಮೈಸೂರಿನಲ್ಲಿ ಹುಟ್ಟಿದವರು. ಜಲೀಲನಾಗಿ ಮೊದಲ ಸಲ ಬಂದ ಅಂಬರೀಷ್ ಕೂಡ ಇಲ್ಲಿನ ಬೀದಿಗಳಿಗೆ ಹೊಸಬರಲ್ಲ. ಚಾಮಯ್ಯ ಮೇಷ್ಟ್ರು ಕೆ.ಎಸ್. ಅಶ್ವತ್ಥ್ ಅಂತೂ ಸರಸ್ವತಿಪುರಂನವರು, ನಮ್ಮಿಂದ ಕೂಗಳತೆ. ನಮ್ಮ ವಠಾರದ ಹುಡುಗರೆಲ್ಲ ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಹುಬ್ಬು ಗಂಟಿಕ್ಕಿ, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ರಾಮಾಚಾರಿಗಳಾಗಿ ತಿರುಗಿದರು. ಪರೀಕ್ಷೆಯಲ್ಲಿ ಕಡಿಮೆ ಅಂಕ ತಂದವನಿಗೂ ಬೆನ್ನು ಸವರುವ ಒಬ್ಬ ಚಾಮಯ್ಯ ಮೇಷ್ಟ್ರು ಬೇಕು ಅನಿಸುತ್ತಿತ್ತು, ಮನೆಯಲ್ಲಿ ಸಿಗುತ್ತಿದ್ದದ್ದು ಬೆನ್ನಿಗೆ ಗುದ್ದು. ಆದರೆ ಅಮ್ಮಂದಿರು ಅತ್ತದ್ದು ಮೇಷ್ಟ್ರ ಹೆಂಡತಿ ತುಂಗಮ್ಮನಿಗಾಗಿ, ಲೀಲಾವತಿಗಾಗಿ.

‘ಎಡಕಲ್ಲು ಗುಡ್ಡದ ಮೇಲೆ’ಗೆ ನಮ್ಮನ್ನು ಕರೆದುಕೊಂಡು ಹೋಗಲಿಲ್ಲ. ಭಾರತೀಸುತರ ಆ ಕಾದಂಬರಿಯನ್ನೂ ನಮ್ಮ ಕೈಗೆ ಸಿಗದ ಹಾಗೆ ಅಕ್ಕಿ ಡ್ರಮ್ಮಿನಲ್ಲಿ ಹುದುಗಿಸಿಟ್ಟಿದ್ದರು. ಅಕ್ಕಿ ತೆಗೆಯುವ ಪಾಳಿ ನಮ್ಮದೇ ಆದ್ದರಿಂದ ನಾವು ಓದಿಯೇ ಓದಿದೆವು.

ಆಗ ನಮ್ಮ ಮನೆಯಲ್ಲಿ ಓದಲೆಂದು ಇದ್ದ ಸೋದರಮಾವ ಫಿಲ್ಮ್ ಸೊಸೈಟಿ ಅಂತ ಅಲೆಯುತ್ತಿದ್ದ. ಫ್ರೆಂಚ್ ಸಿನಿಮಾ ನೋಡಿ ಬಂದು, ತ್ರುಫೋ ಅನ್ನುವವನು 1959ರಲ್ಲಿ ಮಾಡಿದ ‘ಫೋರ್ ಹಂಡ್ರೆಡ್ ಬ್ಲೋಸ್’ನಲ್ಲಿ ಮನೆಯಲ್ಲೂ ಸ್ಕೂಲಲ್ಲೂ ಯಾರಿಗೂ ಬೇಡವಾದ ಹುಡುಗನೊಬ್ಬ ಸಮುದ್ರದವರೆಗೆ ಓಡಿಹೋಗಿ, ತಿರುಗಿ, ನಮ್ಮನ್ನೇ ನೋಡುತ್ತ ನಿಂತುಬಿಡುತ್ತಾನೆ ಅಂತ ಜಗಲಿಯಲ್ಲಿ ಹೇಳಿದ. ಇದ್ದಿಲು ಒಲೆ ಊದುತ್ತಿದ್ದ ಅಮ್ಮ, “ಪಾಪ, ಆಮೇಲೆ ಊಟ ಹಾಕಿದರಾ?” ಅಂತ ಕೇಳಿದಳು. ಮಾವನಿಗೆ ಪುಟ್ಟಣ್ಣನವರ ಕಣ್ಣೀರು ಜಾಸ್ತಿಯಾಯಿತು ಅನ್ನುವ ದೂರು. ಹೆಂಗಸರು ಬಿಡುತ್ತಿರಲಿಲ್ಲ. ನಾನು ಆ ತ್ರುಫೋ ಚಿತ್ರ ನೋಡಿದ್ದು ಬಹಳ ವರ್ಷದ ಮೇಲೆ. 1932ರಲ್ಲಿ ಹುಟ್ಟಿದ ಆತ, 1933ರಲ್ಲಿ ಹುಟ್ಟಿದ ಪುಟ್ಟಣ್ಣನವರು, ಇಬ್ಬರೂ ಓರಗೆಯವರು. ಇಬ್ಬರೂ ಕಾದಂಬರಿಗಳನ್ನು ಬಹಳ ಪ್ರೀತಿಸಿದವರು. ಆತ 1984ರ ಅಕ್ಟೋಬರಿನಲ್ಲಿ 52ಕ್ಕೆ ಹೋದರೆ ಇವರು ಎಂಟು ತಿಂಗಳೊಳಗೇ ಹೋದರು. ಮಾವನ ಮಾತು ಒಪ್ಪಬೇಕೆಂದು ನನಗೆ ಇವತ್ತಿಗೂ ಅನಿಸಿಲ್ಲ. ಕಣ್ಣೀರು ಜಾಸ್ತಿ ಇತ್ತು ನಿಜ. ಆ ಸಾಲಿನಲ್ಲಿ ಕೂತ ಹೆಂಗಸರಿಗೆ ಅಳಲು ಬೇರೆ ಜಾಗ ಎಲ್ಲಿತ್ತು?

ಆಮೇಲಿನ ಪಿಚ್ಚರುಗಳಿಗೆ ನಮ್ಮ ದಂಡು ಸಣ್ಣದಾಗುತ್ತ ಬಂತು. ಕಲ್ಪನಾ ಜಾಗಕ್ಕೆ ಆರತಿ ಬಂದಿದ್ದರು. ‘ಶುಭಮಂಗಳ’ದ ಹಾಡುಗಳು ರೇಡಿಯೋದಲ್ಲಿ ಬಂದರೆ ಪ್ರತಿ ಮನೆಯ ರೇಡಿಯೋವನ್ನೂ ಜೋರು ಮಾಡಿ, ಅಂಗಳದಲ್ಲಿ ಸಂಡಿಗೆ ಇಡುವವರಿಗೆಲ್ಲ ಕೇಳಿಸುತ್ತಿದ್ದರು. ಮೂರು ಸಣ್ಣಕತೆ ಪೋಣಿಸಿದ ‘ಕಥಾಸಂಗಮ’ದಲ್ಲಿ, ಮುಂದೆ ಅಷ್ಟು ದೊಡ್ಡವರಾದ ರಜನೀಕಾಂತ್ ಇದ್ದರು ಅಂತ ಹೇಳಿದರೆ ಈಗಿನ ಮಕ್ಕಳು ಬೆರಗಾಗುತ್ತಾರೆ. 1978ರಲ್ಲಿ ‘ಪಡುವಾರಳ್ಳಿ ಪಾಂಡವರು’ ಬಂದಾಗ, ಮಾನಸಗಂಗೋತ್ರಿ ಪಕ್ಕದ ನಮ್ಮ ಪಡುವಾರಹಳ್ಳಿಯ ಕತೆಯೇ ಅಂತ ಚಿಕ್ಕವರು ನಂಬಿ, ಅಲ್ಲಿಗೆ ಹೋಗಿ ಪಾಂಡವರ ಮನೆ ಯಾವುದು ಅಂತ ಹುಡುಕಿದರು. ಮರುವರ್ಷ ಮೇ ತಿಂಗಳಲ್ಲಿ ಕಲ್ಪನಾ ಹೋದ ಸುದ್ದಿ ಬಂತು. ಒಗೆಯುವ ಕಲ್ಲಿನ ಹತ್ತಿರ ನಿಂತು ಅಮ್ಮಂದಿರು ಹೆಸರು ಹಿಡಿದು ಅತ್ತರು, ಕಾವೇರಿ ಅಂತ ಒಬ್ಬರು, ಇಂದಿರಾ ಅಂತ ಒಬ್ಬರು. 1981ರ ‘ರಂಗನಾಯಕಿ’ಗೆ ಹೋಗುವ ಹೊತ್ತಿಗೆ ದೊಡ್ಡಕ್ಕನ ಮದುವೆಯಾಗಿತ್ತು, ಮೇಷ್ಟ್ರು ರಿಟೈರಾಗಿ ಕುವೆಂಪುನಗರದಲ್ಲಿ ಮನೆ ಕಟ್ಟಿಸಿ ಹೋಗಿದ್ದರು, ಅಜ್ಜಿ ಇರಲಿಲ್ಲ. ಕತೆ ಒಪ್ಪಿಸಲು ಯಾರೂ ಇಲ್ಲದ ಮೇಲೆ ಪಿಚ್ಚರ್ ನೋಡಿದ್ದು ಮುಗಿದೇ ಇಲ್ಲವೇನೋ ಅನಿಸುತ್ತಿತ್ತು.

1985ರ ಜೂನ್ 5ರಂದು ಪುಟ್ಟಣ್ಣನವರು ತೀರಿಕೊಂಡರು. 51 ವರ್ಷ, ಅಷ್ಟೇ. ‘ಮಸಣದ ಹೂವು’ ಅರ್ಧಕ್ಕೆ ನಿಂತಿತ್ತು, ಅದನ್ನು ಕೆ.ಎಸ್.ಎಲ್. ಸ್ವಾಮಿ ಮುಗಿಸಿಕೊಟ್ಟರು. ವಠಾರದಲ್ಲಿ ಉಳಿದಿದ್ದ ಹೆಂಗಸರು ಯಾರಿಗೂ ಹೇಳದೆ, ಮಕ್ಕಳನ್ನೂ ಕರೆಯದೆ, ಒಂದು ಮ್ಯಾಟ್ನಿಗೆ ಹೋಗಿಬಂದರು. ಹಿಂದಿನ ಮನೆ ಚಿಕ್ಕಮ್ಮನೂ ಹೋಗಿದ್ದರು. ಹೇಗಿತ್ತು ಅಂತ ಕೇಳಿದರೆ ಅಮ್ಮ, “ಅವನು ಇದ್ದಿದ್ದರೆ ಇನ್ನೂ ಚೆನ್ನಾಗಿರ್ತಿತ್ತು” ಅಂದಳು. ಅಜ್ಜಿ ಹೋದಮೇಲೆ ಪುಟ್ಟಣ್ಣನವರನ್ನು ಏಕವಚನದಲ್ಲಿ ಕರೆಯುವ ಸಲಿಗೆ ಅಮ್ಮನಿಗೆ ಬಂದಿತ್ತು.

ವಠಾರ ಈಗ ಇಲ್ಲ. ಬಾವಿ ಮುಚ್ಚಿ, ಮೇಲೆ ಅಪಾರ್ಟ್‌ಮೆಂಟಿನ ಕಾರು ನಿಲ್ಲುವ ಜಾಗ ಮಾಡಿದ್ದಾರೆ. ನಾವು ಎಡತಾಕುತ್ತಿದ್ದ ಟಾಕೀಸುಗಳಲ್ಲಿ ಲಕ್ಷ್ಮಿ ಮುಚ್ಚಿತು, ಶಾಂತಲಾ ಮುಚ್ಚಿತು. ನಾವು ಮಕ್ಕಳು ಹೂಸ್ಟನ್, ಪುಣೆ, ಯಲಹಂಕ ಅಂತ ಚದುರಿದ್ದೇವೆ. ಮೂಲೆಮನೆ ಅತ್ತೆಯ ಮಗಳು ಮಾಡಿದ ವಾಟ್ಸಾಪ್ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಬಿಟ್ಟರೆ ಹೆಚ್ಚು ಮಾತಿಲ್ಲ. ಮೊನ್ನೆ ಯಾರೋ ‘ಬೆಳ್ಳಿಮೋಡ’ದ ಹಾಡೊಂದನ್ನು ಹಾಕಿದರು. ಹತ್ತು ನಿಮಿಷವಾಗಲಿಲ್ಲ, ದೊಡ್ಡಕ್ಕ ಹೂಸ್ಟನ್ನಿನಿಂದ, ಅಲ್ಲಿ ನಡುರಾತ್ರಿ, “ಇಂದಿರಾ ಒಲ್ಲೆ ಅಂದದ್ದು ನೂರಕ್ಕೆ ನೂರು ಸರಿ” ಅಂತ ಬರೆದಳು. ಅತ್ತೆಯ ಮಗಳು ಅಮ್ಮನ ಹಾಗೇ ಹಟದವಳು. ಕ್ಷಮಿಸಬೇಕಿತ್ತು, ಪಾಪ ಮೋಹನ ಎಷ್ಟು ಬೇಡಿಕೊಂಡ, ಅಂದಳು. ನಾನು ಅಮ್ಮನ ಮಾತನ್ನೇ, ಆಸ್ತಿ ನೋಡಿ ಬಂದವನ ಮಾತನ್ನು, ಹಾಕಿದೆ. ಅಲ್ಲಿಗೆ ಗಂಡುಹುಡುಗರೂ ಸೇರಿಕೊಂಡರು. ಎಂಬತ್ತು ದಾಟಿದ ಚಿಕ್ಕಮ್ಮನ ಮಗ, ಅಮ್ಮನಿಗೆ ಓದಿ ಹೇಳಿದ್ದೇನೆ, ಅವರೂ ಏನೋ ಹೇಳಬೇಕಂತೆ, ಸ್ವಲ್ಪ ತಾಳಿ ಅಂತ ಬರೆದ. ನಾವೆಲ್ಲ ಕೆಲಸ ಬಿಟ್ಟು ಕೂತೆವು. ಚಿಕ್ಕಮ್ಮನ ದನಿ ಬಂತು: “ಆ ಹುಡುಗಿ ಸರಿಯಾಗೇ ಮಾಡಿದಳು. ಆದರೆ ಒಬ್ಬಳೇ ಇರೋದು ಎಷ್ಟು ಕಷ್ಟ ಅಂತ ನಿಮಗ್ಯಾರಿಗೂ ಗೊತ್ತಿಲ್ಲ ಕಣ್ರೇ.” ಅತ್ತೆಯ ಮಗಳು ಅದನ್ನು ತನ್ನ ಕಡೆಯ ಸಾಕ್ಷಿ ಅಂದಳು, ದೊಡ್ಡಕ್ಕ ತನ್ನ ಕಡೆಯದು ಅಂದಳು, ಜಗಳ ಮರುದಿನಕ್ಕೂ ಮುಂದುವರಿಯಿತು.